ಮೊದಲು ಬಂದವರು, ಅನಂತರ ಬಂದವರು



ಊರು ಬಿಟ್ಟು ಬಂದವನಿಗೆ ಹೊಸ ಊರಿನಲ್ಲಿ ಕೂಲಿ ಸಿಗಬಹುದು, ಬಾಡಿಗೆಗೆ ಒಂದು ಕೋಣೆಯೂ ಸಿಗಬಹುದು. ಆದರೆ ಅಲ್ಲಿಯವರು ಅವನನ್ನು 'ನಮ್ಮವನು' ಎನ್ನುವುದು ಯಾವಾಗ? ನೆಲೆ ಸಿಗುವುದು ಬೇರೆ, ನಮ್ಮವರೆನಿಸಿಕೊಳ್ಳುವುದು ಬೇರೆ. ಮೊದಲನೆಯದನ್ನು ಬಂದವನು ದುಡಿದು ಪಡೆಯಬಹುದು. ಎರಡನೆಯದನ್ನು ಅಲ್ಲಿರುವವರೇ ಕೊಡಬೇಕು. ಈ ಸತ್ಯವನ್ನು ಬಣ್ಣಗಳಲ್ಲಿ ತೋರಿಸಿಕೊಟ್ಟವರು ಅಮೆರಿಕದ ಕಪ್ಪು ಜನಾಂಗದ ಚಿತ್ರಕಾರ ಜೇಕಬ್ ಲಾರೆನ್ಸ್ (1917–2000).

ಅರವತ್ತು ಚಿತ್ರಗಳ ಕಥೆ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಯುರೋಪಿನಿಂದ ಕೆಲಸಗಾರರು ಬರುವುದು ನಿಂತಿತು. ಅಮೆರಿಕದ ಉತ್ತರದ ಕಾರ್ಖಾನೆಗಳಿಗೆ ಆಳುಗಳು ಬೇಕಾದರು. ದಕ್ಷಿಣದಲ್ಲಿ ಹತ್ತಿಯ ಬೆಳೆಗೆ ಹುಳ ಬಿದ್ದಿತ್ತು, ನೆರೆ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ನ್ಯಾಯಾಲಯದಲ್ಲಿ ನ್ಯಾಯವಿರಲಿಲ್ಲ, ಗುಂಪು ಸೇರಿ ಮನುಷ್ಯರನ್ನು ಮರಕ್ಕೆ ನೇಣು ಹಾಕುವ ಕ್ರೌರ್ಯವಿತ್ತು. ಕಪ್ಪು ಜನರು ರೈಲು ಹತ್ತಿ ಉತ್ತರಕ್ಕೆ ಹೊರಟರು. 1970ರ ಹೊತ್ತಿಗೆ ಹೀಗೆ ಹೋದವರು ಸುಮಾರು 60 ಲಕ್ಷ ಮಂದಿ.

ಲಾರೆನ್ಸರ ತಂದೆತಾಯಿಯೂ ದಕ್ಷಿಣದಿಂದ ಬಂದವರೇ. ಹದಿಮೂರನೆಯ ವಯಸ್ಸಿನಲ್ಲಿ ಅವರು ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಗೆ ಬಂದರು. ತಾಯಿ ಮನೆಗೆಲಸಕ್ಕೆ ಹೋಗುತ್ತಿದ್ದರು. ಶಾಲೆ ಮುಗಿದ ಮೇಲೆ ಮಗ ಚಿತ್ರಕಲೆಯ ತರಗತಿಗೆ ಹೋಗುತ್ತಿದ್ದ. ಮುಂದೆ ಗ್ರಂಥಾಲಯದಲ್ಲಿ ಕುಳಿತು ತನ್ನ ಜನರ ಚರಿತ್ರೆಯನ್ನು ಓದಿ, 1940–41ರಲ್ಲಿ, ಇನ್ನೂ 23ರ ಹರೆಯದಲ್ಲಿ, ಅವರು ಈ ವಲಸೆಯನ್ನು 60 ಸಣ್ಣ ಫಲಕಗಳಲ್ಲಿ ಚಿತ್ರಿಸಿದರು. ಪ್ರತಿಯೊಂದಕ್ಕೂ ಒಂದು ಸರಳ ವಿವರಣೆ ಬರೆದರು. ಎಲ್ಲ ಫಲಕಗಳನ್ನೂ ಒಟ್ಟಿಗೆ ಹರಡಿಕೊಂಡು, ಒಂದು ಬಣ್ಣವನ್ನು ಎಲ್ಲದಕ್ಕೂ ಹಚ್ಚಿದ ಮೇಲೆಯೇ ಮುಂದಿನ ಬಣ್ಣಕ್ಕೆ ಹೋಗುತ್ತಿದ್ದರು. ಆದ್ದರಿಂದ ಅರವತ್ತೂ ಒಂದೇ ಕುಟುಂಬದಂತೆ ಕಾಣುತ್ತವೆ. ಹಲವು ಚಿತ್ರಗಳಲ್ಲಿ ಜನರ ಮುಖಕ್ಕೆ ಕಣ್ಣು ಮೂಗುಗಳಿಲ್ಲ. ಅಲ್ಲಿ ಯಾರ ಮುಖವನ್ನಾದರೂ ಇಟ್ಟು ನೋಡಬಹುದು.

ಮೂರು ಚಿತ್ರಗಳು

ಉತ್ತರದಲ್ಲಿ ಬಿಳಿಯರು ತೋರಿದ ತಾರತಮ್ಯವನ್ನು ಲಾರೆನ್ಸ್ ಮರೆಮಾಚಲಿಲ್ಲ. 49ನೆಯ ಚಿತ್ರದ ಊಟದ ಮನೆಯಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ನಡುವೆ ಅಡ್ಡಗಟ್ಟಿದೆ. ಆದರೆ 53ನೆಯ ಚಿತ್ರ ನಮ್ಮನ್ನು ಇನ್ನೂ ಹೆಚ್ಚು ಕೆಣಕುತ್ತದೆ. ಅಲ್ಲಿ ಆಡಂಬರದ ಉಡುಪು ತೊಟ್ಟ ಗಂಡು ಹೆಣ್ಣು ಇದ್ದಾರೆ. ಅವರೂ ಕಪ್ಪು ಜನರೇ. ಮೊದಲೇ ಬಂದು ನೆಲೆಯೂರಿದವರು ತಮ್ಮದೇ ಜನಾಂಗದ ಹೊಸಬರನ್ನು ಅಸಹ್ಯದಿಂದ ಕಂಡು ದೂರವಿಟ್ಟರೆಂದು ಅದರ ವಿವರಣೆ ತಿಳಿಸುತ್ತದೆ. ಹೊಸಬರ ಹಳ್ಳಿ ಮಾತು, ಹಳ್ಳಿ ಉಡುಪಿನಿಂದ ತಾವು ಕಷ್ಟಪಟ್ಟು ಗಳಿಸಿದ ಅಲ್ಪ ಮರ್ಯಾದೆಯೂ ಹೋದೀತೆಂಬ ಭಯ ಹಳಬರದು.

ಮುಂದಿನ 54ನೆಯ ಚಿತ್ರದಲ್ಲಿ ವಲಸೆ ಬಂದ ಜನ ಚರ್ಚಿನಲ್ಲಿ ಸೇರಿದ್ದಾರೆ. ಅವರ ಬಾಳಿಗೆ ಅದೇ ದೊಡ್ಡ ಆಸರೆ. 55ನೆಯದರಲ್ಲಿ ಶವಪೆಟ್ಟಿಗೆಯನ್ನು ಹೊತ್ತು ನಡೆಯುವವರು. ಇಕ್ಕಟ್ಟಿನ ವಾಸದಲ್ಲಿ ಕ್ಷಯರೋಗ ಅನೇಕರನ್ನು ಬಲಿ ತೆಗೆದುಕೊಂಡಿತ್ತು. ತಿರಸ್ಕಾರ, ಚರ್ಚು, ಶವಪೆಟ್ಟಿಗೆ: ಈ ಕ್ರಮದಲ್ಲಿ ಇವನ್ನು ನೋಡುವ ಕ್ರೈಸ್ತನಿಗೆ ಒಂದು ಪ್ರಶ್ನೆ ಏಳದೆ ಇರದು. ತಿರಸ್ಕಾರಕ್ಕೂ ಸಾವಿಗೂ ನಡುವೆ ನಿಂತಿರುವ ಚರ್ಚು ಮಾಡಬೇಕಾದದ್ದೇನು?

ನೆನಪೇ ಆಜ್ಞೆಯ ಬೇರು

ಪರದೇಶಿಯನ್ನು ಪೀಡಿಸಕೂಡದೆಂದು ದೇವರು ಇಸ್ರಯೇಲರಿಗೆ ಆಜ್ಞಾಪಿಸಿದಾಗ ಕೊಟ್ಟ ಕಾರಣವನ್ನು ಗಮನಿಸಿ (ವಿಮೋಚನಾಕಾಂಡ 23:9). ಅವನ ಮೇಲೆ ಕನಿಕರವಿರಲಿ ಎಂದಲ್ಲ. ಈಜಿಪ್ಟಿನಲ್ಲಿ ನೀವೂ ಪರದೇಶಿಗಳಾಗಿದ್ದಿರಿ, ಅವನ ಮನಸ್ಸು ನಿಮಗೆ ಗೊತ್ತಿದೆ ಎಂದು. ಕನಿಕರ ಮೇಲಿನಿಂದ ಕೆಳಗೆ ನೋಡುತ್ತದೆ. ನೆನಪು ಪಕ್ಕದಲ್ಲಿ ನಿಲ್ಲಿಸುತ್ತದೆ. 53ನೆಯ ಚಿತ್ರದ ಸಿರಿವಂತರು ಕಳೆದುಕೊಂಡದ್ದು ಈ ನೆನಪನ್ನೇ. ಹೆರೋದನಿಗೆ ಹೆದರಿ ಪವಿತ್ರ ಕುಟುಂಬವೂ ಪರದೇಶಕ್ಕೆ ಓಡಿತು. ಪ್ರಭು ಯೇಸು ಅಂತಿಮ ತೀರ್ಪಿನ ದಿನ ತಾನೇ ಆ ಪರಕೀಯನಾಗಿದ್ದೆನೆಂದು ಹೇಳುವರು (ಮತ್ತಾಯ 25:35).

ನಮ್ಮ ಧರ್ಮಕೇಂದ್ರಗಳಿಗೂ ಕಟ್ಟಡದ ಕೆಲಸಕ್ಕೆ, ಮನೆಗೆಲಸಕ್ಕೆ, ಓದಿಗೆ ದೂರದಿಂದ ಬಂದವರು ಬರುತ್ತಾರೆ. ಬಲಿಪೂಜೆಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ಯಾರ ಮಾತಿಗೂ ಸಿಗದೆ ಹೊರಟುಹೋಗುತ್ತಾರೆ. ಅವರನ್ನು ನಾವು ಓಡಿಸುವುದಿಲ್ಲ, ನಿಜ. ಆದರೆ ಹೆಸರು ಕೇಳುತ್ತೇವೆಯೇ? ಕಾಯಿಲೆ ಬಿದ್ದರೆ ನಮಗೆ ತಿಳಿಯುತ್ತದೆಯೇ?

ಲಾರೆನ್ಸರ ಕೊನೆಯ ಚಿತ್ರದಲ್ಲಿ ರೈಲ್ವೆ ನಿಲ್ದಾಣದಲ್ಲಿ ಜನ ಇನ್ನೂ ಕಾಯುತ್ತಿದ್ದಾರೆ. ವಲಸೆ ಮುಗಿದಿಲ್ಲ. ಬಂದಿಳಿಯುವವರನ್ನು ಎದುರುಗೊಳ್ಳುವ ಕೆಲಸ ನಮ್ಮದು.

ಕುಟುಂಬದಲ್ಲಿ ಚರ್ಚಿಸಿ

1. ನಮ್ಮ ಮನೆತನ ಎಲ್ಲಿಂದ ಬಂದದ್ದು? ಆಗ ಆಸರೆ ಕೊಟ್ಟವರು ಯಾರು? ಹಿರಿಯರು ಮಕ್ಕಳಿಗೆ ತಿಳಿಸಲಿ.
2. ನಮ್ಮ ಬೀದಿಗೆ ಹೊಸದಾಗಿ ಬಂದ ಕುಟುಂಬದವರ ಹೆಸರು ನಮಗೆ ಗೊತ್ತೇ?
3. ಮುಂದಿನ ಭಾನುವಾರ ಪೂಜೆಯ ನಂತರ ನಾವು ಯಾರನ್ನು ಮಾತನಾಡಿಸುತ್ತೇವೆ?