ಎಲೆ ಉದುರಿದ ನಿಂಬೆಗಿಡ ಬದುಕೀತೇ?

ಒಂದು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ತಾರಸಿಯ ಕುಂಡದ ನಿಂಬೆಗಿಡ ಬೋಳಾಗಿದೆ, ಕಿತ್ತೆಸೆಯಬೇಕೇ ಎಂದು ಕಲಬುರಗಿಯ ಓದುಗರೊಬ್ಬರು ಕೇಳಿದ್ದಾರೆ. ಖಂಡಿತ ಬೇಡ.

ಮೇ ತಿಂಗಳಲ್ಲಿ ಅಲ್ಲಿ ಬಿಸಿಲು 42 ಡಿಗ್ರಿ ದಾಟುವುದುಂಟು. ನೀರು ಸಾಲದಾದಾಗ ಗಿಡ ಎಲೆ ಉದುರಿಸಿ ಇದ್ದ ತೇವ ಉಳಿಸಿಕೊಳ್ಳುತ್ತದೆ. ಜೀವವಿದೆಯೇ ಎಂದು ತಿಳಿಯಲು ತುದಿಯಿಂದ ಬುಡದತ್ತ ತೊಗಟೆಯನ್ನು ಅಲ್ಲಲ್ಲಿ ಉಗುರಿನಿಂದ ಚೂರು ಕೆರೆದು ನೋಡಬೇಕು. ಒಳಗೆ ಹಸಿರು ಕಂಡರೆ ಆಸೆಯಿದೆ; ಕಂದಾಗಿ ಒಣಗಿದ್ದರೆ ಅಷ್ಟು ಭಾಗ ಸತ್ತಿದೆ.

ಮುಂದಿನದು ನೀರು. ತೀರಾ ಒಣಗಿದ ಮಣ್ಣು, ಅದರಲ್ಲೂ ಕೋಕೋಪೀಟ್ ಬೆರೆತದ್ದು, ಕುಗ್ಗಿ ಕುಂಡದ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಮೇಲಿಂದ ಸುರಿದ ನೀರು ಆ ಸಂದಿಯಲ್ಲೇ ಜಾರಿ ಹೋಗುತ್ತದೆ, ಬೇರಿಗೆ ತಲುಪುವುದಿಲ್ಲ. ಹಾಗಾಗಿ ಕುಂಡವನ್ನೇ ನೀರಿನ ಟಬ್ಬಿನಲ್ಲಿಟ್ಟು, ಗುಳ್ಳೆ ಏಳುವುದು ನಿಂತ ಮೇಲೆ ಎತ್ತಿ, ಬಸಿಯಲು ಬಿಡಬೇಕು. ಅಲ್ಲೇ ಬಿಟ್ಟರೆ ಬೇರು ಕೊಳೆಯುತ್ತದೆ.

ಗೊಬ್ಬರ ಸದ್ಯಕ್ಕೆ ಬೇಡವೇ ಬೇಡ. ಅದರ ಲವಣ ಬಳಲಿದ ಬೇರನ್ನು ಸುಡುತ್ತದೆ.

ಕಾದ ಸಿಮೆಂಟಿನ ಬಿಸಿ ತಟ್ಟದಂತೆ ಕುಂಡವನ್ನು ನೆರಳಿನಲ್ಲಿ ಇಟ್ಟಿಗೆಗಳ ಮೇಲಿಟ್ಟು, ಮಣ್ಣಿಗೆ ಒಣ ಎಲೆ ಹೊದಿಸಬೇಕು. ಎರಡು ಇಂಚು ಆಳದವರೆಗೆ ಮಣ್ಣು ಒಣಗಿದಾಗ ಬೆಳಿಗ್ಗೆ ನೀರು ಹಾಕಿದರೆ ಸಾಕು. ಒಣಕೊಂಬೆಗೆ ಕತ್ತರಿ ಹಾಕುವುದು ಹೊಸ ಚಿಗುರು ಎಲ್ಲಿಂದ ಬಂತೆಂದು ಕಂಡ ಮೇಲೆಯೇ.