ತಟ್ಟೆಯಲ್ಲಿ ಅವಳ ಪಾಲೂ ಇರಲಿ

ಪ್ರಶ್ನೆ: ಪ್ರತಿ ಕ್ರಿಸ್‌ಮಸ್‌ಗೆ ಅಕ್ಕಪಕ್ಕದ ಮನೆಗಳಿಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು ಹಂಚುತ್ತೇವೆ. ಕಳೆದ ವರ್ಷ ತಟ್ಟೆ ಜೋಡಿಸುವಾಗ ಮಗಳು ಕಿಡ್ಯೊ ಡಬ್ಬಿಯನ್ನು ಅಪ್ಪಿಕೊಂಡು, 'ಇದು ನಂದು, ಯಾರಿಗೂ ಕೊಡಲ್ಲ' ಎಂದು ಅತ್ತುಬಿಟ್ಟಳು. ಈಗ ಅವಳಿಗೆ ನಾಲ್ಕು ವರ್ಷ. ಕೊಡುವ ಗುಣ ಕಲಿಸುವುದು ಹೇಗೆ?
– ಒಬ್ಬ ತಾಯಿ, ಮಂಗಳೂರು

ಉತ್ತರ: ನಿಮ್ಮ ಮಗಳು ಜಿಪುಣಿಯಲ್ಲ, ಆ ಚಿಂತೆ ಬಿಡಿ. ಮೂರು ವರ್ಷದ ಮಗುವಿಗೆ 'ನಂದು' ಎನ್ನುವುದು ಹೊಸದಾಗಿ ಕೈಗೆ ಸಿಕ್ಕ ಮಾತು. ತನ್ನದು ಯಾವುದೆಂದು ತಿಳಿದ ಮೇಲೆ ತಾನೇ ಕೊಡುವುದು? ಡಬ್ಬಿ ಕಿತ್ತುಕೊಂಡು ಪಕ್ಕದ ಮನೆಗೆ ಕಳಿಸಿದರೆ ಕೊಟ್ಟವರು ನೀವು, ಕಳೆದುಕೊಂಡವಳು ಅವಳು.

ಕೆನಡಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನಗೆ ಬಹಳ ಇಷ್ಟ. ಎರಡು ವರ್ಷವೂ ತುಂಬದ ಮಕ್ಕಳಿಗೆ ಬಟ್ಟಲಲ್ಲಿ ತಿಂಡಿ ಕೊಟ್ಟು, ಅದರಲ್ಲೊಂದನ್ನು ಗೊಂಬೆಗೆ ಕೊಡಿಸಿದರು. ತಿಂಡಿ ಸಿಕ್ಕಾಗ ಅರಳಿದ್ದಕ್ಕಿಂತ ಕೊಡುವಾಗ ಮಕ್ಕಳ ಮುಖ ಹೆಚ್ಚು ಅರಳಿತ್ತು. ಅದರಲ್ಲೂ ಬೇರೆ ಕಡೆಯಿಂದ ತಂದದ್ದನ್ನು ಕೊಟ್ಟಾಗಿನದಕ್ಕಿಂತ ತಮ್ಮ ಬಟ್ಟಲಿನದನ್ನೇ ಕೊಟ್ಟಾಗ! ಹಾಗಾಗಿ ನೀವು ಕಲಿಸಬೇಕಾದ್ದು ಕಡಿಮೆ. ಅವಳಿಗೆ ಸ್ವಂತದ್ದೊಂದು ಬಟ್ಟಲು ಬೇಕು, ಅಷ್ಟೆ.

ಅದಕ್ಕೆ ಕಿಡ್ಯೊಗಿಂತ ಒಳ್ಳೆಯ ತಿಂಡಿ ಇಲ್ಲ. ಈ ಸಲ ಮೈದಾ ಹಿಟ್ಟು ನಾದಿದ ಮೇಲೆ ಅವಳಿಗೂ ಒಂದು ಮುಷ್ಟಿ ಕೊಡಿ, ಜೊತೆಗೊಂದು ಹೊಸ ಬಾಚಣಿಗೆ. ಗೋಲಿಯಷ್ಟು ಹಿಟ್ಟನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತುವುದನ್ನು ತೋರಿಸಿ. ಕೊಂಕಣಿಯಲ್ಲಿ ಕಿಡ್ಯೊ ಅಂದರೆ ಹುಳಗಳು ಎಂದು ಹೇಳಿ, ನಗುತ್ತಾಳೆ. ಅವಳ ಹುಳ ದಪ್ಪಗಿರುತ್ತದೆ, ಸೊಟ್ಟಗಿರುತ್ತದೆ, ಕೆಲವು ಸುತ್ತಿಕೊಳ್ಳುವುದೇ ಇಲ್ಲ. ದಯವಿಟ್ಟು ತಿದ್ದಬೇಡಿ. ಕರಿದು, ಸಕ್ಕರೆ ಪಾಕ ಹಿಡಿಸಿ, ಅವಳ ಡಬ್ಬಿಯಲ್ಲೇ ತುಂಬಿಡಿ. ಹಂಚುವ ದಿನ 'ಆಂಟಿ ಮನೆಗೆ ಎಷ್ಟು ಹಾಕೋಣ?' ಎಂದು ಅವಳನ್ನೇ ಕೇಳಿ. ನೆವ್ರಿ, ಗುಳಿಯೊದಂಥ ಉಳಿದ ತಿಂಡಿ ನೀವು ಜೋಡಿಸಿ. ಕಿಡ್ಯೊ ಅವಳೇ ಹಾಕಲಿ.

'ಕೊಟ್ಟರೆ ಚಾಕ್ಲೇಟ್ ತೆಗೆಸಿಕೊಡ್ತೀನಿ' ಎಂಬ ಆಸೆ ಮಾತ್ರ ತೋರಿಸಬೇಡಿ. ಜರ್ಮನಿಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಹಾಯ ಮಾಡಿದ್ದಕ್ಕೆ ಬಹುಮಾನ ಪಡೆದ ಪುಟ್ಟ ಮಕ್ಕಳು ಆಮೇಲೆ ಸಹಾಯ ಮಾಡುವುದನ್ನೇ ಕಡಿಮೆ ಮಾಡಿದ್ದರು. ಸಾಂತಾ ಕ್ಲಾಸ್‌ನ ತುಂಟ ಮಕ್ಕಳ ಪಟ್ಟಿ ತೋರಿಸಿ ಹೆದರಿಸುವುದೂ ಬೇಡ. ಸಾಂತಾನ ಹಿಂದಿರುವ ಸಂತ ನಿಕೋಲಸ್, ನಾಲ್ಕನೇ ಶತಮಾನದಲ್ಲಿ ಈಗಿನ ಟರ್ಕಿಯ ಮೈರಾದಲ್ಲಿ ಬಿಷಪ್ ಆಗಿದ್ದವರು. ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆಂದು ರಾತ್ರಿ ಯಾರಿಗೂ ಕಾಣದಂತೆ ಹೊನ್ನಿನ ಗಂಟು ಎಸೆದು ಹೋದರೆಂಬ ಕತೆ ಅವರದು. ಮಲಗುವಾಗ ಆ ಕತೆ ಹೇಳಿ.

ತಟ್ಟೆಯ ಮೇಲೆ ಕ್ರೋಶಾ ಬಟ್ಟೆ ಮುಚ್ಚಿ ಹೊರಟಾಗ ಅವಳನ್ನೂ ಕರೆದುಕೊಂಡು ಹೋಗಿ. ಬಾಗಿಲು ತೆರೆದವರ ಮುಖವನ್ನು ಅವಳು ನೋಡಬೇಕು. ಸಾಧ್ಯವಾದರೆ ಆ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ: ಸೊಟ್ಟ ಕಿಡ್ಯೊವನ್ನು ಅವಳೆದುರಿಗೇ ಬಾಯಿಗೆ ಹಾಕಿಕೊಳ್ಳಲಿ. ನಮ್ಮಲ್ಲಿ ಅನೇಕರು ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಅದನ್ನೂ ಅವಳ ಕೈಗೇ ಕೊಡಲಿ.

ಇಷ್ಟೆಲ್ಲ ಆಗಿಯೂ ಅವಳು ಒಂದೇ ಒಂದು ಕಿಡ್ಯೊ ತೆಗೆದಿಟ್ಟು ಡಬ್ಬಿ ಮುಚ್ಚಿಬಿಡಬಹುದು. ಆಗ 'ಇನ್ನೊಂದು ಹಾಕು' ಎನ್ನಬೇಡಿ ತಾಯಿ. ಆ ಒಂದನ್ನೇ ತಟ್ಟೆಯ ನಡುವೆ ಇಟ್ಟು ತೆಗೆದುಕೊಂಡು ಹೋಗಿ.