ನುಂಗಿದ ಅನ್ಯವಸ್ತುಗಳು

ಕಾಸು, ಗುಂಡಿ, ಗೋಲಿಗಳನ್ನು ನುಂಗುವುದು ಮಕ್ಕಳ ಕೆಲಸವೆಂದು ನಾವು ಬಗೆದಿದ್ದೇವೆ. ಆದರೆ 2022ರ ನವೆಂಬರ್ ತಿಂಗಳಲ್ಲಿ ಬಾಗಲಕೋಟೆಯ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಗೆ ಬಂದ ರೋಗಿಯೊಬ್ಬರು ಐವತ್ತು ದಾಟಿದವರು. ಶಸ್ತ್ರವೈದ್ಯರು ಅವರ ಜಠರದಿಂದ ಹೊರತೆಗೆದ ನಾಣ್ಯಗಳು 187! ಐದು ರೂಪಾಯಿಯವು 56, ಎರಡರವು 51, ಒಂದರವು 80. ಒಟ್ಟು 462 ರೂಪಾಯಿ. ರೋಗಿಯು ಮನೋವ್ಯಾಧಿಯಿಂದ ಬಳಲುತ್ತಿದ್ದರು. ಇಂಥವರನ್ನು ಕಂಡು ನಗುವುದು ತರವಲ್ಲ. ಹೊಟ್ಟೆಯ ಚಿಕಿತ್ಸೆಯ ಬೆನ್ನಿಗೇ ಮನಸ್ಸಿನ ಚಿಕಿತ್ಸೆಯೂ ನಡೆಯದಿದ್ದರೆ ನಾಣ್ಯಗಳು ಮತ್ತೆ ಒಳಸೇರಬಹುದು.

ನಮ್ಮ ಅನ್ನನಾಳವು ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುಕೊಳವೆ. ಅದು ಮೂರು ಕಡೆ ಇಕ್ಕಟ್ಟಾಗಿದೆ. ನುಂಗಿದ ವಸ್ತು ಸಿಕ್ಕಿಕೊಳ್ಳುವುದು ಬಹುಮಟ್ಟಿಗೆ ಅಲ್ಲಿಯೇ. ಜಠರವನ್ನು ತಲುಪಿದ ವಸ್ತುಗಳಲ್ಲಿ ಬಹುಪಾಲು ತಾವಾಗಿ ಮಲದೊಡನೆ ಹೊರಬೀಳುತ್ತವೆ. ಆದರೆ ಎರಡೂವರೆ ಸೆಂಟಿಮೀಟರಿಗಿಂತ ಅಗಲವಾದುದು ಜಠರದ ಕೆಳಬಾಗಿಲನ್ನು ದಾಟುವುದು ಕಷ್ಟ. ಆರು ಸೆಂಟಿಮೀಟರಿಗಿಂತ ಉದ್ದವಾದುದು ಕರುಳಿನ ಮೊದಲ ತಿರುವಿನಲ್ಲೇ ತಡೆಯುತ್ತದೆ.

ಇನ್ನು ನಮ್ಮ ಸೀಮೆಯ ಮಾತು. ಸೋಮನಹಳ್ಳಿ, ಮದ್ದೂರು, ಮಳವಳ್ಳಿಗಳ ಕಡೆ ರಾಗಿಮುದ್ದೆಯನ್ನು ಅಗಿಯುವವರಿಲ್ಲ. ಸಾರಿನಲ್ಲಿ ಅದ್ದಿ ನುಂಗುವುದೇ ಕ್ರಮ. ಮಾಂಸಾಹಾರಿಗಳ ಸಾರಿನಲ್ಲಿ ಮೂಳೆಯ ಚೂರಿದ್ದರೆ ಅದೂ ತುತ್ತಿನೊಡನೆ ಜಾರುತ್ತದೆ. ಗಂಟಲಲ್ಲಿ ಏನೋ ಸಿಕ್ಕಿತೆಂದೊಡನೆ ಮನೆಯ ಹಿರಿಯರು, "ಇನ್ನೊಂದು ದಪ್ಪ ತುತ್ತು ನುಂಗು, ಇಲ್ಲವೇ ಬಾಳೆಹಣ್ಣು ತಿನ್ನು" ಎನ್ನುತ್ತಾರೆ. ಪ್ರೀತಿಯಿಂದ ಹೇಳುವ ಈ ಉಪಾಯವೇ ಅಪಾಯಕರ. ಮೊನಚಾದ ಚೂರು ಇದರಿಂದ ಮತ್ತಷ್ಟು ಆಳಕ್ಕೆ ನಾಟಿ ಅನ್ನನಾಳವನ್ನೇ ತೂತುಮಾಡಬಲ್ಲದು. ಸೋಂಕು ಎದೆಗೂಡಿಗೆ ಹರಡಿದರೆ ಪ್ರಾಣಕ್ಕೇ ಸಂಚಕಾರ. ಬಲವಂತವಾಗಿ ವಾಂತಿ ಮಾಡಿಸುವುದೂ ಅಷ್ಟೇ ತಪ್ಪು. ಕಟ್ಟಿಸಿಕೊಂಡ ಹಲ್ಲು ಅಂಗುಳನ್ನು ಮುಚ್ಚಿದ್ದರೆ ತುತ್ತಿನಲ್ಲಿರುವ ಮೂಳೆ ಬಾಯಿಗೆ ತಿಳಿಯುವುದೇ ಇಲ್ಲ; ಸಡಿಲವಾದ ಹಲ್ಲಿನ ಕಟ್ಟೇ ಕೆಲವೊಮ್ಮೆ ಒಳಗಿಳಿಯುತ್ತದೆ. ದೃಷ್ಟಿ ಮಂದವಾದ ವೃದ್ಧರು ಮಾತ್ರೆಯನ್ನು ಹೊದಿಕೆಯ ಸಮೇತ ನುಂಗಿದ ಪ್ರಸಂಗಗಳೂ ಉಂಟು.

ಲೋಹದ ವಸ್ತು ಕ್ಷ-ಕಿರಣದ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪ್ಲಾಸ್ಟಿಕ್ಕಿನ ಹಲ್ಲು, ಮೀನಿನ ಮುಳ್ಳು ಕಾಣದೆ ಹೋಗಬಹುದು. ಚಿತ್ರದಲ್ಲಿ ಏನೂ ಇಲ್ಲವೆಂದರೂ ನೋವು ಉಳಿದಿದ್ದರೆ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ತೆಗೆಯಲು ಈಗ ಬಳಸುವುದು ಎಂಡೋಸ್ಕೋಪ್ ಎಂಬ ಬಳುಕುವ ದರ್ಶಕನಳಿಗೆ. ಅದರ ತುದಿಯ ಚಿಮಟ ಅಥವಾ ಬಲೆಯಿಂದ ವಸ್ತುವನ್ನು ಹಿಡಿದು ಬಾಯಿಯ ಮೂಲಕವೇ ಹೊರತರುತ್ತಾರೆ. ಶಸ್ತ್ರಕ್ರಿಯೆ ಬೇಕಾಗುವುದು ನೂರರಲ್ಲಿ ಒಬ್ಬರಿಗೆ ಮಾತ್ರವೆನ್ನಬಹುದು. ಅನ್ನನಾಳದಲ್ಲಿ ಸಿಕ್ಕಿದ ಗುಂಡಿ ಬ್ಯಾಟರಿಯು ಎರಡು ಗಂಟೆಯೊಳಗೇ ಅಲ್ಲಿನ ಪದರವನ್ನು ಸುಡತೊಡಗುವುದರಿಂದ ಅದಕ್ಕೆ ತಡವೇ ಕೂಡದು. ಉಗುಳನ್ನೂ ನುಂಗಲಾಗದವರ ವಿಷಯವೂ ಹಾಗೆಯೇ. ಆಸ್ಪತ್ರೆಗೆ ಹೊರಟವರು ದಾರಿಯಲ್ಲಿ ಏನನ್ನೂ ತಿನ್ನದೆ ಕುಡಿಯದೆ ಇರಬೇಕು. ನುಂಗಿದಂಥದೇ ಇನ್ನೊಂದು ವಸ್ತು ಮನೆಯಲ್ಲಿದ್ದರೆ ಜೊತೆಗೊಯ್ದು ವೈದ್ಯರಿಗೆ ತೋರಿಸಬೇಕು.